ಚಿಕ್ಕಬಸವನ ಯುದ್ಧಕಾಂಡ

ಬಳ್ಳಾರಿ ಸೀಮೆಯವರಿಗೆ ಕಬ್ಬಿಣದ ಮೇಲೆ ವಿಪರೀತ ಭಕ್ತಿ. ಗೇಟು ಅಲುಗಾಡಿದರೆ ಇನ್ನೊಂದು ಪಟ್ಟಿ ಬಡಿ. ಟ್ರೇಲರ್ ಬಗ್ಗಿದರೆ ಇನ್ನೊಂದು ಆಂಗಲ್ ಹಾಕು. ಮಂಚ ಕಿರುಗುಟ್ಟಿತೋ, ಅದನ್ನು ಮಾರಿ ಕಬ್ಬಿಣದ್ದು ತಾ. ಸಂಡೂರಿನ ಗುಡ್ಡದಲ್ಲಿ ಅದಿರು, ತೋರಣಗಲ್ಲಿನಲ್ಲಿ ಉಕ್ಕು, ನಡುವಿನ ರಸ್ತೆಯಲ್ಲಿ ಲಾರಿ, ಒಣಹಾಕಿದ ಬಿಳಿ ಪಂಚೆಯ ಮೇಲೆ ಕೆಂಪು ಧೂಳು. ಇಂಥ ಕಡೆಯ ಮೂವರು ಮೆಕ್ಯಾನಿಕಲ್ ಹುಡುಗರಿಗೆ ರೋಬೋ ಕಾಳಗಕ್ಕೆ ಹೋಗುವ ಬುದ್ಧಿ ಬಂದರೆ ಏನಾಗಬೇಕೋ ಅದೇ ಆಯಿತು.

ರೋಬೋವಾರ್ ನೋಡದವರಿಗೆ ಎರಡು ಮಾತು. ಪಾಲಿಕಾರ್ಬೊನೇಟ್ ಗೋಡೆಯ ಅಖಾಡ, ಒಳಗೆ ಎರಡು ಯಂತ್ರ, ಹೊರಗೆ ರಿಮೋಟ್ ಹಿಡಿದ ಇಬ್ಬರು, ಮೂರು ನಿಮಿಷ. ಬಿದ್ದ ಯಂತ್ರ ಹತ್ತು ಎಣಿಸುವುದರೊಳಗೆ ಮಿಸುಕದಿದ್ದರೆ ಸೋತಂತೆ. ಎರಡೂ ಬದುಕುಳಿದರೆ ಯಾವುದು ಹೆಚ್ಚು ಹಾನಿ ಮಾಡಿತು, ಯಾವುದು ಮುನ್ನುಗ್ಗಿತು, ಯಾವುದು ಹಿಡಿತದಲ್ಲಿತ್ತು ಎಂದು ತೀರ್ಪುಗಾರರು ಅಂಕ ಹಾಕುತ್ತಾರೆ. ಇದರ ಹುಟ್ಟು ಇನ್ನೂ ಚೆಂದ. ಅಮೆರಿಕದ ಮಾರ್ಕ್ ಥೋರ್ಪ್ ಎಂಬಾತ 1992ರಲ್ಲಿ ಮನೆಯ ಕಸ ಹೊಡೆಯಲು ರಿಮೋಟಿನಿಂದ ಓಡುವ ವ್ಯಾಕ್ಯೂಮ್ ಕ್ಲೀನರ್ ಮಾಡಲು ಹೊರಟಿದ್ದ. ಕಸ ಹೋಗಲಿಲ್ಲ, ಆದರೆ ಯಂತ್ರ ಓಡುವುದು ಮಜವಾಗಿ ಕಂಡಿತು. 1994ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರೋಬೋಗಳಿಗೆ ಬಡಿದಾಟ ಹಚ್ಚಿಯೇಬಿಟ್ಟ. 1998ಕ್ಕೆ ಅದು ಬಿಬಿಸಿಯ ಟಿವಿಗೆ ಬಂತು. ನಮ್ಮ ದೇಶದಲ್ಲಿ ಐಐಟಿ ಬಾಂಬೆಯ ಟೆಕ್‌ಫೆಸ್ಟ್‌ನ ರೋಬೋವಾರಿಗೆ ದೊಡ್ಡ ಹೆಸರು. ಕಸ ಗುಡಿಸಬೇಕಾದವನು ಗುಡಿಸಿದ್ದರೆ ನನ್ನದೊಂದು ಪ್ಯಾಂಟು ಉಳಿಯುತ್ತಿತ್ತು. ಆ ಕಥೆ ಮುಂದೆ ಬರುತ್ತದೆ.

ನಾವು ಹೆಸರು ಕೊಟ್ಟದ್ದು ಬೆಂಗಳೂರಿನ ಕಾಲೇಜೊಂದರ ಫೆಸ್ಟಿಗೆ, 15 ಕೆಜಿ ವಿಭಾಗಕ್ಕೆ. ಕಾಲೇಜಿನಲ್ಲಿ ನಮಗೆ ಊರೇ ಹೆಸರು. ಒಬ್ಬ ಸಿರುಗುಪ್ಪ, ಇನ್ನೊಬ್ಬ ಕುರುಗೋಡು, ಪ್ಯಾಟೆಯವನಾದ ನಾನು ಬಳ್ಳಾರಿ. ‘ಕುರುಗೋಡು ಸ್ನಾನಕ್ಕೆ ಹೋಗ್ಯಾನೆ, ಸಿರುಗುಪ್ಪ ಇನ್ನೂ ಎದ್ದಿಲ್ಲ’ ಎಂದರೆ ಯಾರೂ ನಕ್ಷೆ ತೆಗೆದು ನೋಡುತ್ತಿರಲಿಲ್ಲ. ಭತ್ತ ತುಂಬಿದ ಟ್ರೇಲರನ್ನು ಮಿಲ್ಲಿನ ಸಂದಿಯೊಳಗೆ ಹಿಮ್ಮುಖವಾಗಿ ನುಗ್ಗಿಸಬಲ್ಲ ಎಂಬ ಕೀರ್ತಿಯಿಂದ ಸಿರುಗುಪ್ಪ ಡ್ರೈವರ್ ಆದ. ಪಂಪ್‌ಸೆಟ್ಟಿನ ಸ್ಟಾರ್ಟರ್ ರಿಪೇರಿ ಮಾಡಿ ಬದುಕಿ ಬಂದಿದ್ದ ಕುರುಗೋಡು ಎಲೆಕ್ಟ್ರಾನಿಕ್ಸ್ ಮುಖ್ಯಸ್ಥನಾದ. ನನ್ನ ಕೈಬರಹ ಚೆನ್ನಾಗಿತ್ತು, ಜೇಬಿನಲ್ಲಿ ಎಟಿಎಂ ಕಾರ್ಡೂ ಇತ್ತು, ಹಾಗಾಗಿ ನಾನು ಕ್ಯಾಪ್ಟನ್.

ಗುರು ಮಾತ್ರ ದೊಡ್ಡವರೇ ಸಿಕ್ಕರು. ಬ್ರೆಜಿಲ್‌ನ ರಿಯೋದಲ್ಲಿ ಪ್ರಾಧ್ಯಾಪಕರಾಗಿರುವ ಮಾರ್ಕೋ ಅಂಟೋನಿಯೋ ಮೆಜ್ಜಿಯೊಲಾರೋ ಅವರು ರಿಯೋಬಾಟ್ಜ್ ಎಂಬ ತಂಡ ಕಟ್ಟಿ, ತಮಗೆ ಗೊತ್ತಿದ್ದನ್ನೆಲ್ಲ ಮುನ್ನೂರಕ್ಕೂ ಹೆಚ್ಚು ಪುಟಗಳ ಪುಸ್ತಕ ಮಾಡಿ ಜಗತ್ತಿಗೆ ಬಿಟ್ಟಿಯಾಗಿ ಕೊಟ್ಟಿದ್ದಾರೆ. ಲೋಹ, ಮೋಟಾರು, ಬ್ಯಾಟರಿ, ವೈರಿಂಗು ಎಲ್ಲಕ್ಕೂ ಅದರಲ್ಲಿ ಜಾಗವಿದೆ. ನಾವು ಓದಿದ್ದು ಆಯುಧದ ಅಧ್ಯಾಯವೊಂದನ್ನೇ. ಅವರ ಹೆಸರಾಂತ ಡ್ರಮ್ ಯಂತ್ರ ತೌರೋಗೆ ಹೋರಿಯ ಹೆಸರು. ಇದು ಕುರುಗೋಡಿಗೆ ದೈವಸಂಕೇತವಾಗಿ ಕಂಡಿತು. ಅವರೂರಿನ ದೊಡ್ಡಬಸವೇಶ್ವರ ಗುಡಿಯಲ್ಲಿ ಗರ್ಭಗುಡಿ ತುಂಬ ಕುಳಿತಿರುವವನು ಏಕಶಿಲೆಯ ಬಸವಣ್ಣನೇ. ‘ದೇವರ ಹೆಸರಿಟ್ಟು ಒದಿಸಿಕೊಂಡು ಬರಬ್ಯಾಡ್ರಿ’ ಎಂದು ಅವನ ಅಜ್ಜಿ ಗದರಿದ್ದರಿಂದ ನಮ್ಮ ಯಂತ್ರಕ್ಕೆ ಚಿಕ್ಕಬಸವ ಎಂದಿಟ್ಟೆವು.

ಡ್ರಮ್ ಎಂದರೆ ಯಂತ್ರದ ಮುಂಬದಿಯಲ್ಲಿ ಅಡ್ಡಡ್ಡಲಾಗಿ ಗಿರಗಿರ ತಿರುಗುವ ಹಲ್ಲಿನ ಉರುಳೆ. ತಗುಲಿದ್ದನ್ನು ಕೆಳಗಿನಿಂದ ಮೇಲಕ್ಕೆ ಒದೆಯುತ್ತದೆ. ನಮ್ಮದು ಮೂರು ಕೆಜಿ, ನಿಮಿಷಕ್ಕೆ 6000 ಸುತ್ತು. ಕಾಗದದ ಮೇಲೆ ಲೆಕ್ಕ ಹಾಕಿದರೆ ಸುಮಾರು 1200 ಜೂಲ್ ಬಂತು. ಹದಿನೈದು ಕೆಜಿಯ ಯಂತ್ರವನ್ನು 8 ಮೀಟರ್ ಎತ್ತರಕ್ಕೆ ಚಿಮ್ಮಿಸಲು ಅಷ್ಟು ಸಾಕು. ‘ಎರಡು ಅಂತಸ್ತಿನ ಮನಿ ದಾಟಿ ಹೋಗ್ತತಿ’ ಎಂದು ಸಿರುಗುಪ್ಪ ಆಕಾಶ ನೋಡಿದ. ಯಾರ ಯಂತ್ರ ಹಾರುತ್ತದೆ ಎಂಬುದನ್ನು ಮಾತ್ರ ಆ ಲೆಕ್ಕ ಹೇಳುವುದಿಲ್ಲ. ಹೊಡೆದವನಿಗೂ ಹೊಡೆಸಿಕೊಂಡವನಿಗೂ ಪೆಟ್ಟು ಸಮ ಎಂದು ನ್ಯೂಟನ್ ಬರೆದಿಟ್ಟಿದ್ದನ್ನು ನಾವು ಮೊದಲ ಸೆಮಿಸ್ಟರಿನಲ್ಲೇ ಬರೆದು ಪಾಸಾಗಿದ್ದೆವು, ಪಾಸಾದ ಮೇಲೆ ಅದರ ಗೊಡವೆ ಏಕೆ?

ಕಟ್ಟಿದ್ದು ಸಿರುಗುಪ್ಪದಲ್ಲಿ, ಅವನ ಚಿಕ್ಕಪ್ಪನ ವೆಲ್ಡಿಂಗ್ ಶಾಪಿನಲ್ಲಿ. ತುಂಗಭದ್ರಾ ಕಾಲುವೆಯ ನೀರು, ಕಣ್ಣು ಹಾಯುವವರೆಗೂ ಭತ್ತ, ಸುಗ್ಗಿ ಬಂದರೆ ಸಾಲುಗಟ್ಟಿ ನಿಲ್ಲುವ ಕಟಾವು ಯಂತ್ರಗಳು. ಅವುಗಳ ಮುರಿದ ಹಲ್ಲು, ಬಿರಿದ ಡ್ರಮ್ಮು ಬೆಸೆದೇ ಚಿಕ್ಕಪ್ಪ ಮನೆ ಕಟ್ಟಿಸಿದವರು. ಹಲ್ಲಿಗೆ ಹಳೇ ಅದಿರು ಲಾರಿಯ ಕಮಾನ್ ಪಟ್ಟಿ ಕತ್ತರಿಸಿದರು.

‘ಮೈಗೆ ಎಷ್ಟು ಎಂಎಂ ಹಾಕ್ಲೆಪ್ಪಾ?’

‘ಮೂರು ಸಾಕು ಚಿಕ್ಕಪ್ಪ, ಡಿಸೈನ್‌ನಾಗ ಮೂರೇ ಐತಿ.’

‘ಮೂರಾ? ನಾಯಿ ಮೂಸಿದ್ರ ಬಗ್ಗತತಿ. ಆರು ಹಾಕ್ತೀನಿ ತಗಾ.’

ನಮ್ಮ ಮೇಷ್ಟ್ರು ಕಂಪ್ಯೂಟರಿನಲ್ಲಿ ಒತ್ತಡದ ಬಣ್ಣಬಣ್ಣದ ಚಿತ್ರ ತೆಗೆಸಿ ಮೂರು ಸಾಕೆಂದಿದ್ದರು. ಅದನ್ನು ಚಿಕ್ಕಪ್ಪನಿಗೆ ತೋರಿಸಿದೆವು. ಅವರು ಬಹಳ ಹೊತ್ತು ನೋಡಿ, ‘ಚಿತ್ರ ಚೆಂದ ಐತಿ’ ಎಂದು ಆರು ಎಂಎಂ ಶೀಟಿಗೆ ಸೀಮೆಸುಣ್ಣದ ಗೆರೆ ಹಾಕಿದರು.

ತೂಕ ನೋಡಲು ಪಕ್ಕದ ರೈಸ್ ಮಿಲ್ಲಿಗೆ ಹೊತ್ತೊಯ್ದೆವು. ಸೋನಾ ಮಸೂರಿ ಚೀಲಗಳ ನಡುವೆ ಕಾಟಾದ ಮೇಲೆ ಚಿಕ್ಕಬಸವ ಕುಳಿತ. ಕೆಂಪಕ್ಷರದಲ್ಲಿ 14.8 ಎಂದು ಬಂತು. ಆರು ಎಂಎಂ ಹಾಕಿಯೂ ಮಿತಿಯೊಳಗೆ! ಕಂಪ್ಯೂಟರ್ ಸುಳ್ಳು, ಚಿಕ್ಕಪ್ಪ ಸತ್ಯ ಎಂದು ಮೂವರೂ ಒಪ್ಪಿದೆವು. ‘ಇನ್ನೂ ಇನ್ನೂರು ಗ್ರಾಂ ಉಳಿದತಿ, ಸುಮ್ನ ಯಾಕ ಬಿಡಬೇಕು’ ಎಂದು ಚಿಕ್ಕಪ್ಪ ಮುಂದೆ ಇನ್ನೊಂದು ಪಟ್ಟಿ ಬಡಿದರು.

ಪೂಜೆ ಕುರುಗೋಡಿನಲ್ಲಿ. ಅಜ್ಜಿ ಚಿಕ್ಕಬಸವನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

‘ಇದು ಹೊಲ ಊಳ್ತತೇನು?’

‘ಇಲ್ಲಜ್ಜಿ.’

‘ನೀರು ಎತ್ತತತೇನು?’

‘ಇಲ್ಲ.’

‘ಮತ್ತ ಏನು ಮಾಡ್ತತಿ?’

‘ಬ್ಯಾರೆಯವರ ಮಿಷಿನ್ ಒಡೀತತಿ.’

ಅಜ್ಜಿ ಮೊಮ್ಮಗನನ್ನು ನೋಡಿದ ನೋಟದಲ್ಲಿ ನಾಲ್ಕು ವರ್ಷದ ಫೀಸಿನ ಲೆಕ್ಕವಿತ್ತು. ಆದರೂ ವಿಭೂತಿ ಬಳಿದರು, ಕುಂಕುಮ ಇಟ್ಟರು, ಎರಡು ಗಾಲಿಗೂ ಒಂದೊಂದು ನಿಂಬೆಹಣ್ಣು ಇಟ್ಟು, ಮೂರನೆಯದನ್ನು ಮೆಣಸಿನಕಾಯಿ ಜತೆ ದಾರದಲ್ಲಿ ಪೋಣಿಸಿ ಮುಂದೆ ಕಟ್ಟಿದರು. ಕಟ್ಟಿದ್ದು ಡ್ರಮ್ಮಿಗೆ. ಸಿರುಗುಪ್ಪ ಗಾಲಿ ಉರುಳಿಸಲೆಂದು ಒತ್ತಿದ್ದು ಡ್ರಮ್ಮಿನ ಸ್ವಿಚ್ಚು. ಆ ನಿಂಬೆಹಣ್ಣಿನ ತಿರುಳು ತೊಲೆಗೆ ಹತ್ತಿತು, ರಸ ಅಜ್ಜಿಯ ಕನ್ನಡಕಕ್ಕೆ, ಮೆಣಸಿನಕಾಯಿ ಎಲ್ಲಿ ಹೋಯಿತೆಂದು ಕುರುಗೋಡಿನ ತಮ್ಮ ಕಣ್ಣುಜ್ಜಿಕೊಂಡು ಅಳಲು ಶುರು ಮಾಡಿದ ಮೇಲೆ ತಿಳಿಯಿತು. ನಮ್ಮ ಆಯುಧ ತನ್ನ ಜೀವಮಾನದಲ್ಲಿ ಪೂರ್ತಿಯಾಗಿ ನಾಶ ಮಾಡಿದ್ದು ಅದೊಂದನ್ನೇ. ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡು, ‘ಗೆದ್ದು ಬರ್ರಿ. ಗೆದ್ರೂ ಸೋತ್ರೂ ಇದನ್ನ ಮನಿಗೆ ಮಾತ್ರ ತರಬ್ಯಾಡ್ರಿ’ ಎಂದು ಹರಸಿದರು.

ರಾತ್ರಿ ಬಳ್ಳಾರಿ ಸ್ಟೇಷನ್ನಿನಲ್ಲಿ ಹಂಪಿ ಎಕ್ಸ್‌ಪ್ರೆಸ್‌ಗೆ ಕಾಯುತ್ತಿದ್ದಾಗ ಪೊಲೀಸರೊಬ್ಬರು ಲಾಠಿಯಿಂದ ಗೋಣಿಚೀಲ ಮುಟ್ಟಿದರು. ‘ಠಣ್’ ಎಂದಿತು. ಬಿಚ್ಚಿಸಿ ನೋಡಿದರು. ಉರುಳೆ, ಹಲ್ಲು, ಬೆಲ್ಟು, ವಿಭೂತಿ.

‘ಕಬ್ಬಿನ ಹಾಲು ತೆಗಿಯೋ ಮಿಷಿನ್ನೇನ್ರೋ?’

ಯುದ್ಧಯಂತ್ರ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಸಿರುಗುಪ್ಪ ‘ಹೌದ್ರಿ ಸರ್’ ಎಂದುಬಿಟ್ಟ. ಬೆಂಗಳೂರಿನಲ್ಲಿ ಯಾವ ಯಾವ ಸರ್ಕಲ್ಲಿನಲ್ಲಿ ಗಾಡಿ ಇಟ್ಟರೆ ವ್ಯಾಪಾರ ಆಗುತ್ತದೆ, ಶುಂಠಿ ಎಷ್ಟು ಹಾಕಬೇಕು ಎಂದೆಲ್ಲ ಅವರು ತಿಳಿಹೇಳಿದರು. ಪೂರ್ತಿ ಪ್ರವಾಸದಲ್ಲಿ ನಮಗೆ ಸಿಕ್ಕ ಅತ್ಯಂತ ಉಪಯುಕ್ತ ಸಲಹೆ ಅದೇ ಎಂದು ಈಗಲೂ ನನ್ನ ನಂಬಿಕೆ.

ಬ್ಯಾಟರಿಯದು ಬೇರೆ ಸಂಸಾರ. ಆರು ಸೆಲ್ಲಿನ ಲಿಪೋ, 22.2 ವೋಲ್ಟು. ಚುಚ್ಚಿದರೆ, ಮಿತಿಮೀರಿ ಚಾರ್ಜ್ ಮಾಡಿದರೆ, ಶಾರ್ಟ್ ಆದರೆ ಹೊತ್ತಿಕೊಳ್ಳುವ ಸ್ವಭಾವ. ಮಣ್ಣಿನ ಪಾತ್ರೆ, ಮರಳು ಜತೆಗಿದ್ದರೆ ಕ್ಷೇಮ ಎಂದು ಎಲ್ಲೋ ಓದಿ, ಕುರುಗೋಡು ಅಜ್ಜಿಯ ಮಜ್ಜಿಗೆ ಗಡಿಗೆಯನ್ನೇ ತಂದಿದ್ದ. ಮರಳು ತುಂಬಿ, ಬ್ಯಾಟರಿ ಹೂತು, ಬಾಯಿಗೆ ಬಿಳಿ ಬಟ್ಟೆ ಕಟ್ಟಿ ತೊಡೆಯ ಮೇಲಿಟ್ಟುಕೊಂಡಿದ್ದ. ಎದುರಿನ ಸೀಟಿನ ಹಿರಿಯ ಹೆಂಗಸು ಗುಂತಕಲ್ಲಿನವರೆಗೆ ತಡೆದುಕೊಂಡಿದ್ದು ಕೊನೆಗೆ ಕೇಳಿಯೇಬಿಟ್ಟರು: ‘ಯಾರು ಹೋದ್ರಪ್ಪಾ?’

ನಿದ್ದೆಗಣ್ಣಿನಲ್ಲಿದ್ದ ಕುರುಗೋಡು ಗಡಿಗೆ ಮುಟ್ಟಿ ನೋಡಿ, ‘ಇನ್ನೂ ಹೋಗಿಲ್ಲಮ್ಮ, ಬಿಸಿ ಆಗಿಲ್ಲ’ ಎಂದ. ಆಕೆ ಟಿಟಿಇಯನ್ನು ಹುಡುಕಿ ಬೇರೆ ಬರ್ತ್ ಮಾಡಿಸಿಕೊಂಡರು.

ಬೆಂಗಳೂರಿನಲ್ಲಿ ಮೊದಲ ಕೆಲಸ ತೂಕ. ಯಂತ್ರ ಇಟ್ಟೆವು. 16.3.

‘ನಿಮ್ಮ ಕಾಟಾ ಕೆಟ್ಟೈತಿ’ ಎಂದು ಸಿರುಗುಪ್ಪ ಸಂಘಟಕರ ಮೇಲೆ ಹರಿಹಾಯ್ದ. ಅವರು ಮರುಮಾತಾಡದೆ ಐದು ಕೆಜಿಯ ಮುದ್ರೆ ಒತ್ತಿದ ತೂಕದ ಕಲ್ಲು ತಂದಿಟ್ಟರು. 5.00 ಎಂದಿತು. ಇನ್ನೊಂದು ಕಲ್ಲು ಇಟ್ಟರು, 10.00. ಸಿರುಗುಪ್ಪ ಒಮ್ಮೆಲೇ ತಣ್ಣಗಾಗಿ ಗೋಡೆಗೊರಗಿ ಕುಳಿತ. ರೋಬೋ ಚಿಂತೆ ಹೊತ್ತಿದ್ದಾನೆಂದು ನಾನು ಸಮಾಧಾನ ಮಾಡಲು ಹೋದರೆ ಅವನು ಬೆರಳು ಮಡಚುತ್ತಿದ್ದ. ಮಿಲ್ಲಿನ ಆ ಕಾಟಾದ ಮೇಲೆ ಅವರಪ್ಪ ಎಷ್ಟು ಸುಗ್ಗಿಯ ಭತ್ತ ತೂಗಿಸಿದ್ದಾರೆ ಎಂಬ ಲೆಕ್ಕ ನಡೆದಿತ್ತು.

ಒಂದು ಕೆಜಿ ಮುನ್ನೂರು ಗ್ರಾಂ ಇಳಿಯಬೇಕು. ಎಲ್ಲ ತಂಡಗಳೂ ಮಾಡುವುದು ಒಂದೇ: ರಂಧ್ರ ಕೊರೆಯುವುದು. ಆರು ಎಂಎಂ ಶೀಟಿನಲ್ಲಿ 10 ಎಂಎಂ ರಂಧ್ರ ಕೊರೆದರೆ ಹೋಗುವುದು 3.7 ಗ್ರಾಂ. ಅಂದರೆ ಮುನ್ನೂರೈವತ್ತು ರಂಧ್ರ! ಪಕ್ಕದ ಮೇಜಿನ ಕೊಯಮತ್ತೂರು ತಂಡದವರು ತಮ್ಮ ಡ್ರಿಲ್ಲನ್ನೂ ಗ್ರೈಂಡರನ್ನೂ ಕೊಟ್ಟರು. ನಾಳೆ ನಮ್ಮನ್ನೇ ಎದುರಿಸಬೇಕಾಗಬಹುದಾದ ಮಂದಿ, ಬಿಟ್ ಮುರಿದರೂ ಮುಖ ಸಣ್ಣ ಮಾಡಲಿಲ್ಲ. ಈ ಆಟದ ಪಿಟ್ಟಿನಲ್ಲಿ, ಅಂದರೆ ತಂಡಗಳು ಯಂತ್ರ ರಿಪೇರಿ ಮಾಡುವ ಜಾಗದಲ್ಲಿ, ಹಾಗೆಯೇ. ಅಖಾಡದಲ್ಲಿ ಒಡೆದು ಹಾಕಬೇಕಾದವನು ಇಡೀ ಇರಲಿ ಎಂದು ಎಲ್ಲರೂ ಕೈಹಚ್ಚುತ್ತಾರೆ.

ಐವತ್ತರ ಹೊತ್ತಿಗೆ ಬಿಟ್ಟುಗಳು ತೀರಿದವು. ಚಿಕ್ಕಬಸವ ಇಡ್ಲಿ ತಟ್ಟೆಯಂತೆ ಕಾಣುತ್ತಿದ್ದ. ಇಳಿದದ್ದು ಇನ್ನೂರು ಗ್ರಾಂ ಕೂಡ ಇಲ್ಲ. ಆಗ ಕ್ಯಾಪ್ಟನ್ ಆದ ನಾನು ಐತಿಹಾಸಿಕ ತೀರ್ಮಾನ ತೆಗೆದುಕೊಂಡೆ. ಹಿಂಬದಿಯ ಗೋಡೆಯನ್ನೇ ತೆಗೆದುಬಿಡುವುದು. ಅದೊಂದೇ ಒಂದು ಕೆಜಿಗೂ ಮೇಲಿತ್ತು. ಶತ್ರುವಿಗೆ ಬೆನ್ನು ತೋರಿಸದಿದ್ದರೆ ಆಯಿತಲ್ಲ! ಗೋಡೆ ಹೋದ ಜಾಗದಲ್ಲಿ ಬ್ಯಾಟರಿ, ವೈರು, ಸ್ಪೀಡ್ ಕಂಟ್ರೋಲರ್ ಎಲ್ಲ ಹೊರಗಿಣುಕುತ್ತಿದ್ದವು. ಅವನ್ನು ಒತ್ತಿ ಹಿಡಿಯಲು ಗಟ್ಟಿಯಾದ, ಹಗುರವಾದ, ಕಂಪನ ತಡೆಯುವ ಏನಾದರೂ ಬೇಕಿತ್ತು.

ಬಳ್ಳಾರಿಯವನ ಬ್ಯಾಗಿನಲ್ಲಿ ಇನ್ನೇನಿರುತ್ತದೆ? ಜೀನ್ಸ್ ಪ್ಯಾಂಟು. ನಮ್ಮ ಬೀದಿಯಲ್ಲೇ ಹೊಲಿದದ್ದು. ಬಳ್ಳಾರಿಯ ಜೀನ್ಸ್ ಹರಿಯುವುದಿಲ್ಲ ಎಂಬ ಊರಭಿಮಾನದಿಂದ ಬದಲಿಗೆಂದು ತಂದಿದ್ದ ಒಂದೇ ಪ್ಯಾಂಟಿನ ಸೊಂಟದಿಂದ ತೊಡೆವರೆಗಿನ ಭಾಗ ಕತ್ತರಿಸಿ, ಮಡಚಿ, ತುರುಕಿ, ಪ್ಲಾಸ್ಟಿಕ್ ಟೈ ಬಿಗಿದೆವು. ತೂಕ 14.98.

ಸುರಕ್ಷತಾ ತಪಾಸಣೆಯವರು ಬಗ್ಗಿ ನೋಡಿ, ‘ಇದೇನು?’ ಎಂದರು.

‘ವೈಬ್ರೇಷನ್ ಡ್ಯಾಂಪರ್ ಸರ್.’

‘ಜೇಬು ಇದೆಯಲ್ಲ?’

‘ಮಲ್ಟಿಪರ್ಪಸ್ ಸರ್.’

ಅಷ್ಟಕ್ಕೇ ಮುಗಿಯಲಿಲ್ಲ. ಫೇಲ್‌ಸೇಫ್ ಎಂಬ ಪರೀಕ್ಷೆಯೊಂದಿದೆ. ರಿಮೋಟ್ ಆಫ್ ಮಾಡಿದರೆ, ಅಂದರೆ ಸಿಗ್ನಲ್ ತಪ್ಪಿದರೆ, ಯಂತ್ರ ತಾನಾಗಿಯೇ ನಿಲ್ಲಬೇಕು. ಸಿರುಗುಪ್ಪ ರಿಮೋಟ್ ಆಫ್ ಮಾಡಿದ. ಅಲ್ಲಿಯವರೆಗೆ ಸುಮ್ಮನಿದ್ದ ಚಿಕ್ಕಬಸವ ಆಗಲೇ ಜೀವ ಬಂದು ತಪಾಸಣೆಯವರ ಕಡೆ ಪೂರ್ಣ ವೇಗದಲ್ಲಿ ಹೊರಟ. ಡ್ರಮ್ಮಿಗೆ ಬೀಗ ಹಾಕಿದ್ದರಿಂದ ಅವರ ಬೂಟಿಗೆ ಗುದ್ದಿ ನಿಂತ. ಅವರು ಕುರ್ಚಿ ಹತ್ತಿದ್ದು ಯಾವಾಗ ಎಂದು ಯಾರಿಗೂ ಕಾಣಲಿಲ್ಲ. ಸಿಗ್ನಲ್ ಹೋದಾಗ ಏನು ಮಾಡಬೇಕೆಂದು ಸೆಟ್ ಮಾಡುವಾಗ ಕುರುಗೋಡು ಆಕ್ಸಿಲರೇಟರ್ ಕಡ್ಡಿಯ ಮೇಲೆ ಬೆರಳಿಟ್ಟುಕೊಂಡಿದ್ದನಂತೆ. ಪುಣೆಯ ಹುಡುಗಿಯೊಬ್ಬಳು ಬಂದು ನಾಲ್ಕು ಗುಂಡಿ ಒತ್ತಿ ಸರಿ ಮಾಡಿಕೊಟ್ಟು, ‘ಇದು ಮ್ಯಾನುಯಲ್‌ನಲ್ಲೇ ಇದೆ’ ಎಂದು ಹೋದಳು. ಮ್ಯಾನುಯಲನ್ನು ಕುರುಗೋಡು ಬ್ಯಾಟರಿ ಗಡಿಗೆಯ ಕೆಳಗೆ ಇರ್ಕಿಗೆ ಇಟ್ಟಿದ್ದ.

ಮೊದಲ ಸುತ್ತಿನಲ್ಲಿ ನಾವು ಗೆದ್ದೆವು. ಹೇಗೆಂದು ಕೇಳಬಾರದು. ಆದರೂ ಹೇಳುತ್ತೇನೆ: ಎದುರಾಳಿಯ ಯಂತ್ರ ಅಖಾಡಕ್ಕೆ ಬರುವ ಮೊದಲೇ ಮೇಜಿನ ಮೇಲೆ ಹೊಗೆ ಬಿಟ್ಟು ಮಲಗಿತ್ತು. ಸಂಪ್ರದಾಯದಂತೆ ನಮ್ಮ ಯಂತ್ರವೊಂದೇ ಒಳಹೋಗಿ ಒಂದು ಸುತ್ತು ಬಂತು. ‘ಬೆಲ್ಲರಿಯ ಚಿಕ್ಬಸ್ವಾ!’ ಎಂದು ನಿರೂಪಕ ಕೂಗಿದ. ಸರ್ಕಾರ 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ಬಳ್ಳಾರಿ ಎಂದೇ ಮಾಡಿದ್ದು ಅವನ ಮೈಕಿಗೆ ಇನ್ನೂ ಮುಟ್ಟಿರಲಿಲ್ಲ. ನಾನು ಆ ವೀಡಿಯೋವನ್ನು ಅಪ್ಪನಿಗೆ ಕಳಿಸಿದೆ. ಅಪ್ಪ ಬೆಳಗಿನ ಉಗ್ಗಾಣಿ-ಮಿರ್ಚಿ ಹೋಟೆಲ್ಲಿನಲ್ಲಿ ಇಡೀ ಟೇಬಲ್ಲಿಗೆ ತೋರಿಸಿದರಂತೆ. ‘ಎದುರಿನವ ಎಲ್ಲಿ?’ ಎಂದು ಯಾರೋ ಕೇಳಿದ್ದಕ್ಕೆ, ‘ಹೆದರಿ ಬಂದಿಲ್ಲ’ ಎಂದರಂತೆ. ಬಿಲ್ಲನ್ನೂ ಅವರೇ ಕೊಟ್ಟರಂತೆ.

ಎರಡನೆಯ ಸುತ್ತಿಗೆ ಸಿಕ್ಕಿದ್ದು ಆಯುಧವೇ ಇಲ್ಲದ ಯಂತ್ರ. ಬರೀ ಇಳಿಜಾರು ತಗಡು, ನಾಲ್ಕು ಗಾಲಿ. ನಮ್ಮ ಡ್ರಮ್ಮಿಗೆ ಸುರಿದ ದುಡ್ಡಿನಲ್ಲಿ ಅಂಥವನ್ನು ಮೂರು ಮಾಡಬಹುದಿತ್ತು. ಸಿರುಗುಪ್ಪ ಕನಿಕರದಿಂದ, ‘ಪಾಪ, ಮೆಲ್ಲಕ ಹೊಡಿಲೇನು?’ ಎಂದು ಕೇಳಿದ. ಉದಾರಿಯಾದ ನಾನು, ‘ಫುಲ್ ಕೊಡು’ ಎಂದೆ.

ಡ್ರಮ್ ವೇಗ ಹಿಡಿಯಿತು. ಆ ಸದ್ದಿಗೆ ನೆರೆದವರೆಲ್ಲ ಮೊಬೈಲ್ ಎತ್ತಿದರು. ಚಿಕ್ಕಬಸವ ನುಗ್ಗಿದ. ಹಲ್ಲು ಇಳಿಜಾರಿಗೆ ತಾಗಿ ಕಿಡಿ ಹಾರಿತು, ‘ಧಡ್’ ಎಂದಿತು. ತಗಡಿನ ಯಂತ್ರ ಇದ್ದಲ್ಲೇ ಇತ್ತು. ಹಾರಿದ್ದು ನಮ್ಮದು. ಆ 1200 ಜೂಲಿನಲ್ಲಿ ಒಂದು ಪಾಲು ಮಾತ್ರ ಬಳಕೆಯಾಗಿರಬೇಕು, ಎಂಟು ಮೀಟರ್ ಏನೂ ಹೋಗಲಿಲ್ಲ. ಮೊಣಕಾಲೆತ್ತರ ಎದ್ದು, ಒಂದು ಲಾಗ ಹೊಡೆದು, ಬೆನ್ನಡಿಯಾಗಿ ಬಿತ್ತು.

ಎರಡೂ ಮಗ್ಗುಲಲ್ಲಿ ಓಡುವಂತೆ ಮಾಡಿದ್ದರಿಂದ ಗಾಲಿ ಇನ್ನೂ ನೆಲಕ್ಕೆ ತಾಗುತ್ತಿತ್ತು. ಆದರೆ ಮಗುಚಿದ ಯಂತ್ರಕ್ಕೆ ಮುಂದೆ ಎಂದರೆ ಹಿಂದೆ, ಹಿಂದೆ ಎಂದರೆ ಮುಂದೆ. ಇಲ್ಲಿ ದೊಡ್ಡ ದೊಡ್ಡ ಡ್ರೈವರುಗಳು ಗಲಿಬಿಲಿಗೊಳ್ಳುತ್ತಾರೆ. ನಮ್ಮವನ ಮುಖ ಅರಳಿತು. ಹಿಮ್ಮುಖ ಅವನ ತವರು. ಅಲ್ಲಿಯವರೆಗೆ ಗೋಡೆಗೆ ಗುದ್ದುತ್ತಿದ್ದವನು ತಲೆಕೆಳಗಾದ ಮೇಲೆ ತಿರುಗಿದ್ದೇನು, ನುಸುಳಿದ್ದೇನು! ಪೂರ್ತಿ ಇಪ್ಪತ್ತು ಸೆಕೆಂಡು ನಾವು ಗೆಲ್ಲುತ್ತಿದ್ದೆವು ಎಂದು ನಾನು ಈಗಲೂ ವಾದಿಸಬಲ್ಲೆ. ಆಗ ಅವನು ಹುರುಪಿನಲ್ಲಿ ಜೋರಾಗಿ ಹೊರಳಿಸಿದ. ವೇಗವಾಗಿ ತಿರುಗುವ ಡ್ರಮ್ಮನ್ನು ಥಟ್ಟನೆ ಪಕ್ಕಕ್ಕೆ ಹೊರಳಿಸಿದರೆ ಗೈರೋ ಬಲದಿಂದ ಯಂತ್ರದ ಒಂದು ಬದಿ ಮೇಲೇಳುತ್ತದೆ. ಚಿಕ್ಕಬಸವ ಅಖಾಡದ ಕಂಬದ ಪಕ್ಕದಲ್ಲಿ ಒಂದು ಗಾಲಿ ಎತ್ತಿ ನಿಂತ. ಗ್ಯಾಲರಿಯಿಂದ ಯಾರೋ ಬೊಗಳಿದರು.

ಗಾಲಿ ಕೆಳಗಿಳಿಯಲಿಲ್ಲ, ಹೊಗೆ ಮೇಲೇರಿತು. ಮೊದಲು ಬಿಳಿ, ಆಮೇಲೆ ಸುಟ್ಟ ಬಟ್ಟೆಯ ವಾಸನೆ. ರೆಫರಿ ಎಣಿಸುತ್ತಿದ್ದರು. ಹತ್ತು ಮುಗಿದ ಮೇಲೂ ಸಿರುಗುಪ್ಪ ರಿಮೋಟಿನ ಕಡ್ಡಿ ದೂಡುತ್ತಲೇ ಇದ್ದ. ಉಬ್ಬಿಕೊಂಡಿದ್ದ ಬ್ಯಾಟರಿಯನ್ನು ಸ್ವಯಂಸೇವಕರು ಇಕ್ಕಳದಲ್ಲಿ ಎತ್ತಿಕೊಂಡು ಮರಳಿನ ಬಕೆಟ್ ಹುಡುಕುತ್ತಿದ್ದಾಗ ಕುರುಗೋಡು ಗಡಿಗೆ ಹಿಡಿದು ಓಡಿ ಬಂದ. ಇಡೀ ಟೂರ್ನಿಯಲ್ಲಿ ನಮ್ಮ ತಂಡಕ್ಕೆ ಚಪ್ಪಾಳೆ ಬಿದ್ದದ್ದು ಆ ಗಡಿಗೆಗೆ.

ಪೋಸ್ಟ್‌ಮಾರ್ಟಂ ಪಿಟ್ಟಿನಲ್ಲೇ ನಡೆಯಿತು. ಎದುರಾಳಿ ಹುಡುಗರೂ ಬಂದು ಬಗ್ಗಿದರು, ತಾವೇನು ಮಾಡಿ ಗೆದ್ದೆವೆಂದು ಅವರಿಗೂ ಗೊತ್ತಿರಲಿಲ್ಲ. ಆರು ಎಂಎಂ ಮೈಗೆ ಒಂದು ಗೀರೂ ಇಲ್ಲ. ಒಳಗೆ ಸ್ಪೀಡ್ ಕಂಟ್ರೋಲರಿನ ಬರಿ ಬೆಸುಗೆಗಳೆರಡರ ನಡುವೆ ಸೇತುವೆಯಾಗಿ ಕುಳಿತಿತ್ತು ನನ್ನ ಪ್ಯಾಂಟಿನ ಜೇಬಿನ ತಾಮ್ರದ ರಿವೆಟ್ಟು. ಕೂಲಿಯವರ ಜೇಬು ಹರಿಯಬಾರದೆಂದು ಜೇಕಬ್ ಡೇವಿಸ್ ಎಂಬ ದರ್ಜಿ ಲೆವಿ ಸ್ಟ್ರಾಸ್ ಜತೆ ಸೇರಿ 1873ರ ಮೇ 20ರಂದು ಪೇಟೆಂಟ್ ಪಡೆದ ರಿವೆಟ್ಟು. ಜೇಬು ಹರಿದಿರಲಿಲ್ಲ, ಅದನ್ನು ಒಪ್ಪಿಕೊಳ್ಳಬೇಕು.

ಆ ದಿನ ಪಿಟ್ಟಿನಲ್ಲಿ ಸತ್ತು ಮಲಗಿದ್ದ ಯಂತ್ರಗಳನ್ನು ಸುತ್ತಿ ನೋಡಿದೆ. ಒಂದರ ರಿಸೀವರ್ ಪಿನ್ನು ಕಳಚಿತ್ತು. ಇನ್ನೊಂದರ ಬೆಲ್ಟು ತನ್ನದೇ ಗಾಲಿಗೆ ಸುತ್ತಿಕೊಂಡಿತ್ತು. ಮತ್ತೊಂದು ತನ್ನ ಬ್ಲೇಡಿನಿಂದ ತನ್ನದೇ ವೈರು ಕತ್ತರಿಸಿಕೊಂಡಿತ್ತು. ಶತ್ರುವಿನ ಕೈಯಲ್ಲಿ ಸತ್ತವು ಬೆರಳೆಣಿಕೆ. ಇದರಿಂದ ನಮಗೆ ಬಹಳ ಸಮಾಧಾನವಾಯಿತು.

ವಾಪಸು ಬರುವಾಗ ಬ್ಯಾಟರಿಯನ್ನು ಅಲ್ಲೇ ಬಿಟ್ಟು, ಸುಟ್ಟ ಕಂಟ್ರೋಲರು, ವೈರು, ಜೀನ್ಸಿನ ಬೂದಿ ಎಲ್ಲವನ್ನೂ ಗಡಿಗೆಗೆ ಹಾಕಿ ಅದೇ ಬಿಳಿ ಬಟ್ಟೆ ಕಟ್ಟಿದ್ದೆವು. ಬದಲಿ ಪ್ಯಾಂಟಿಲ್ಲದ ನಾನು ಕುರುಗೋಡಿನ ಲುಂಗಿಯಲ್ಲಿದ್ದೆ. ಆ ರಾತ್ರಿಯೂ ಪಕ್ಕದ ಸೀಟಿನವರೊಬ್ಬರು ಗಡಿಗೆ ನೋಡಿ ಮೆಲ್ಲಗೆ ವಿಚಾರಿಸಿದರು. ಕುರುಗೋಡು ಈ ಸಲ ಸ್ಪಷ್ಟವಾಗಿ, ‘ಹೋದ್ರಿ’ ಎಂದ.

‘ಏನಾಗಿತ್ತು?’

‘ಶಾರ್ಟ್ ಸರ್ಕ್ಯೂಟ್.’

ಅವರು ಎರಡು ಬಾಳೆಹಣ್ಣು ಕೊಟ್ಟರು.

ಸಿರುಗುಪ್ಪದಲ್ಲಿ ಚಿಕ್ಕಪ್ಪ ಇಡೀ ವೃತ್ತಾಂತ ಕೇಳಿ, ತೂತು ಬಿದ್ದ ಚಿಕ್ಕಬಸವನನ್ನು ಬೆಳಕಿಗೆ ಹಿಡಿದು ತಿರುಗಿಸಿದರು. ‘ನಾ ಆವತ್ತೇ ಅನಕಂಡೆ. ಆರು ಸಾಲಲಿಲ್ಲ. ಎಂಟು ಹಾಕಬೇಕಿತ್ತು.’ ಡ್ರಮ್ಮನ್ನು ಬಿಚ್ಚಿಟ್ಟುಕೊಂಡರು, ಶೇಂಗಾ ಸುಲಿಯುವ ಯಂತ್ರಕ್ಕೆ ಆಗಬಹುದಂತೆ.

ಆದರೆ ಸಿರುಗುಪ್ಪನಿಗೆ ಬೇರೆ ಬಾಕಿ ಇತ್ತು. ಅವರಪ್ಪನನ್ನೂ ಕರೆದುಕೊಂಡು, ಯಂತ್ರ ಹೊತ್ತು, ನೇರ ಮಿಲ್ಲಿಗೆ ನಡೆದ. ಬೆಂಗಳೂರಿನ ತೂಕದ ಚೀಟಿ ಮೇಜಿನ ಮೇಲಿಟ್ಟು, ‘ನಿಮ್ಮ ಕಾಟಾದಾಗ ಹದಿನಾಲ್ಕು ಎಂಟ್ನೂರು ಬಂತು. ಅಲ್ಲಿ ಹದಿನಾರು ಮುನ್ನೂರು. ಒಂದೂವರೆ ಕೆಜಿ ಎಲ್ಲಿ ಹೋತು ಹೇಳ್ರಿ’ ಎಂದ. ನಡುವೆ ಬಡಿದ ಇನ್ನೂರು ಗ್ರಾಂ ಪಟ್ಟಿಯ ಮಾತನ್ನು ನಾವ್ಯಾರೂ ಎತ್ತಲಿಲ್ಲ. ಅವರಪ್ಪ ಮಾತಾಡಲಿಲ್ಲ, ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡರು. ಮಿಲ್ಲಿನ ಸಾಹುಕಾರರು ಚೀಟಿ ಓದಿದರು, ಕನ್ನಡಕ ತೆಗೆದರು, ನಮ್ಮ ಮೂವರನ್ನೂ ಬಸವನನ್ನೂ ನೋಡಿದರು. ಒಳಗೆ ಕೂಗಿ ಐದು ಚಹಾ ತರಿಸಿದರು. ಆಮೇಲೆ ಬಲು ಪ್ರೀತಿಯಿಂದ ಹೇಳಿದರು:

‘ಕಾಟಾದ್ದೇನೂ ತಪ್ಪಿಲ್ಲ ತಮ್ಮಾ. ಆವತ್ತು ನೀವು ಇದನ್ನ ಮಾರಾಕ ತಂದೀರಿ ಅಂತ ನಮ್ಮ ಹುಡುಗ ತಿಳಕಂಡಾನ. ಕೊಳ್ಳಾಕ ಬಂದೀವಿ ಅಂತ ಮೊದ್ಲೇ ಹೇಳಿದ್ರ ಹದಿನೇಳು ತೋರಸ್ತಿದ್ದ.’